ಆ ಜನ ಯಾರು?

ನಮ್ಮ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ, ಕೊನೆಯ ವರ್ಷದ ಮಕ್ಕಳ ಮುಂದೆ ಆಡಿದ ಮಾತುಗಳಿವು. ‘ನಮ್ಮಂತೆ ನಾವಿರುವುದು’ ಅಂತ ವಿಷಯ ಕೊಟ್ಟಿದ್ದರು. ಅವತ್ತು ಅವಸರದಲ್ಲಿ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಸೇರಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಸುಮಾರು 30 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಹಾಗಾಗಿ ತರಗತಿಯಿಂದಲೇ ಶುರು ಮಾಡುತ್ತೇನೆ. ಮೇಷ್ಟ್ರು ಬೋರ್ಡಿನ ತುಂಬ ಒಂದು ಲೆಕ್ಕ ಬಿಡಿಸುತ್ತಾರೆ. ಸೀಮೆಸುಣ್ಣ ಕೆಳಗಿಟ್ಟು, ಕೈ ಒರೆಸಿಕೊಂಡು, ‘ಅರ್ಥ ಆಯ್ತಾ?’ ಅಂತ ಕೇಳುತ್ತಾರೆ. 60 ಮಕ್ಕಳು ಒಂದೇ ದನಿಯಲ್ಲಿ ‘ಆಯ್ತು ಸಾರ್’ ಅನ್ನುತ್ತಾರೆ. ಅದರಲ್ಲಿ 40 ಮಕ್ಕಳಿಗೆ ಅರ್ಥ ಆಗಿರುವುದಿಲ್ಲ. ಆದರೆ ಆ 40ರಲ್ಲಿ ಒಬ್ಬೊಬ್ಬರೂ ‘ಅರ್ಥ ಆಗದೆ ಇರೋದು ನನಗೊಬ್ಬನಿಗೇ’ ಅಂದುಕೊಂಡು ತಲೆ ತಗ್ಗಿಸಿ ಕೂತಿರುತ್ತಾರೆ. ಅಕ್ಕಪಕ್ಕದವರ ‘ಆಯ್ತು ಸಾರ್’ ಕೇಳಿಸಿಕೊಂಡೇ ಇವರೂ ‘ಆಯ್ತು ಸಾರ್’ ಅಂದಿರುತ್ತಾರೆ. ಪಕ್ಕದವನೂ ಇವರದನ್ನು ಕೇಳಿಸಿಕೊಂಡೇ ಅಂದಿರುತ್ತಾನೆ.

ಮೇಷ್ಟರ ಕುರ್ಚಿಯ ಕಡೆಯಿಂದ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ. ಉತ್ತರ ಪತ್ರಿಕೆ ತಿದ್ದುವ ದಿನ ಎಲ್ಲ ಗೊತ್ತಾಗುತ್ತದೆ. ಎಷ್ಟೋ ವರ್ಷ ಈ ‘ಆಯ್ತು’ಗಳನ್ನು ನಂಬಿಕೊಂಡು ಮುಂದಿನ ಪಾಠಕ್ಕೆ ಹೋಗಿದ್ದೇನೆ. ಆಮೇಲೆ ಆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ‘ಯಾವ ಸಾಲು ಕಷ್ಟ ಅನ್ನಿಸಿತು?’ ಅಂತ ಕೇಳತೊಡಗಿದೆ. ಆಗ ಒಂದು ಕೈ ಮೇಲೇಳುತ್ತಿತ್ತು. ಆ ಒಂದು ಕೈ ಎದ್ದ ಮೇಲೆ ಮಿಕ್ಕ ಕೈಗಳು ತಾವಾಗಿಯೇ ಏಳುತ್ತಿದ್ದವು.

ಈ ಒಂದು ಕೈಯ ಬಗ್ಗೆಯೇ ಇವತ್ತು ಮಾತಾಡಬೇಕು ಅಂದುಕೊಂಡು ಬಂದಿದ್ದೇನೆ.

‘ಎಲ್ಲರಂತಲ್ಲ ನಾನು, ಬೇರೆ ಥರ ಯೋಚಿಸುತ್ತೇನೆ’ ಅನ್ನುವವರ ಬಗ್ಗೆ ನಮಗೆ ಒಂದು ಚಿತ್ರ ಇದೆ. ಒಬ್ಬ ಧೀರ, ಸುತ್ತ ಇಡೀ ಲೋಕ, ಅವನು ಒಬ್ಬನೇ ಎದೆಯೊಡ್ಡಿ ನಿಂತಿದ್ದಾನೆ. ಈ ಚಿತ್ರ ನಮಗೆ ಉಪಕಾರಕ್ಕಿಂತ ಅಪಕಾರವನ್ನೇ ಜಾಸ್ತಿ ಮಾಡಿದೆ ಅಂತ ನನ್ನ ನಂಬಿಕೆ. ಯಾಕೆಂದರೆ ನಾವು ಯಾರೂ ಅಂಥ ಧೀರರಲ್ಲ. ಹಾಗಾಗಿ ‘ಅದು ನಮ್ಮಂಥವರಿಗಲ್ಲ’ ಅಂತ ಸುಮ್ನೆ ಕೂತುಬಿಡುತ್ತೇವೆ. ನಿಜ ಏನೆಂದರೆ, ಬೇರೆ ಥರ ಯೋಚಿಸಿದವರು ಪೂರ್ತಿ ಒಂಟಿಯಾಗಿದ್ದದ್ದು ಬಹಳ ಕಡಿಮೆ. ಅವರ ಪಕ್ಕದಲ್ಲಿ ಒಬ್ಬರಾದರೂ ಇದ್ದರು. ಎಷ್ಟೋ ಸಲ ಆ ಒಬ್ಬರ ಹೆಸರು ನಮಗೆ ಗೊತ್ತಿಲ್ಲ, ಅಷ್ಟೆ.

ಇದನ್ನು ನಾನು ಸುಮ್ಮನೆ ಧೈರ್ಯ ತುಂಬಲಿಕ್ಕೆ ಹೇಳುತ್ತಿಲ್ಲ. ಸಾಲೊಮನ್ ಆ್ಯಶ್ ಅಂತ ಒಬ್ಬ ಮನೋವಿಜ್ಞಾನಿ ಇದ್ದರು. ಪೋಲೆಂಡಿನ ವಾರ್ಸಾದಲ್ಲಿ 1907ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಹೋದವರು. 1950ರ ಆಸುಪಾಸಿನಲ್ಲಿ ಅಲ್ಲಿನ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿದ್ದಾಗ ಅವರೊಂದು ಪ್ರಯೋಗ ಮಾಡಿದರು. ಮೇಜಿನ ಸುತ್ತ ಏಳೆಂಟು ಹುಡುಗರನ್ನು ಕೂರಿಸಿದರು. ಒಂದು ಕಾರ್ಡಿನಲ್ಲಿ ಒಂದೇ ಗೆರೆ. ಇನ್ನೊಂದು ಕಾರ್ಡಿನಲ್ಲಿ ಮೂರು ಗೆರೆ. ಈ ಮೂರರಲ್ಲಿ ಯಾವುದು ಆ ಮೊದಲ ಗೆರೆಯಷ್ಟು ಉದ್ದ ಇದೆ ಅಂತ ಹೇಳಬೇಕು. ಒಬ್ಬೊಬ್ಬರಾಗಿ, ಎಲ್ಲರಿಗೂ ಕೇಳುವ ಹಾಗೆ. ಅಷ್ಟೇ ಕೆಲಸ. ಮೂರನೇ ಕ್ಲಾಸಿನ ಮಗುವೂ ತಪ್ಪಿಲ್ಲದೆ ಹೇಳಬಹುದು.

ಆದರೆ ಆ ಹುಡುಗರಲ್ಲಿ ಒಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ಆ್ಯಶ್ ಕಡೆಯವರು. ಮೊದಲೇ ಹೇಳಿಕೊಟ್ಟಂತೆ, ಕೆಲವು ಸಲ ಎಲ್ಲರೂ ಒಂದೇ ತಪ್ಪು ಉತ್ತರ ಕೊಡುತ್ತಾರೆ. ಆ ಒಬ್ಬನ ಸರದಿ ಬರುವುದು ಕೊನೆಯಲ್ಲಿ ಅಥವಾ ಕೊನೆಯ ಹತ್ತಿರ. ಅವನ ಕಣ್ಣಿಗೆ ಎರಡನೇ ಗೆರೆ ಸರಿ ಅಂತ ಕಾಣುತ್ತಿದೆ. ಆದರೆ ಅವನ ಮುಂದೆ ಆರು ಜನ ಸಾಲಾಗಿ ‘ಒಂದನೇದು’ ಅಂದಿದ್ದಾರೆ. ಈಗ ಅವನು ಏನು ಹೇಳಬೇಕು?

ಹೀಗೆ ಗುಂಪು ತಪ್ಪು ಹೇಳಿದಾಗಲೆಲ್ಲ ಬಂದ ಉತ್ತರಗಳನ್ನು ಲೆಕ್ಕ ಹಾಕಿದರೆ, 100ಕ್ಕೆ ಸುಮಾರು 37 ಉತ್ತರಗಳು ಗುಂಪಿನ ತಪ್ಪು ಉತ್ತರವೇ ಆಗಿದ್ದವು. ನಾಲ್ವರಲ್ಲಿ ಮೂವರು ಒಂದು ಸಲವಾದರೂ ಗುಂಪಿನ ಜೊತೆ ಹೋದರು. ಒಂಟಿಯಾಗಿ ಕೂರಿಸಿ ಇದನ್ನೇ ಕೇಳಿದರೆ ತಪ್ಪು 100ಕ್ಕೆ ಒಂದೂ ಇರುತ್ತಿರಲಿಲ್ಲ. ಆಮೇಲೆ ಕೂರಿಸಿಕೊಂಡು ‘ಯಾಕಪ್ಪಾ ಹಾಗೆ ಹೇಳಿದೆ?’ ಅಂತ ಕೇಳಿದಾಗ ಕೆಲವರು ‘ನನ್ನ ಕಣ್ಣಲ್ಲೇ ಏನೋ ದೋಷ ಇರಬೇಕು ಅನ್ನಿಸಿತು’ ಅಂದರಂತೆ. ಯೋಚಿಸಿ ನೋಡಿ. ಅಪರಿಚಿತರ ಗುಂಪು. ಮನೆಯವರಲ್ಲ, ಊರವರಲ್ಲ. ತಪ್ಪು ಹೇಳಿದರೆ ಬಹುಮಾನ ಇಲ್ಲ, ಸರಿ ಹೇಳಿದರೆ ದಂಡ ಇಲ್ಲ. ಆದರೂ ಕಣ್ಣೆದುರಿನ ಗೆರೆಯನ್ನೇ ನಂಬದ ಹಾಗೆ ಆಗಿಬಿಟ್ಟಿತು.

ಈ ಪ್ರಯೋಗವನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ‘ನೋಡಿ, ಮನುಷ್ಯರೆಲ್ಲ ಕುರಿಗಳು’ ಅಂತ. ನನಗೆ ಅದು ಸರಿ ಅನ್ನಿಸುವುದಿಲ್ಲ. 100ಕ್ಕೆ 63 ಉತ್ತರ ಗುಂಪಿಗೆ ಬಗ್ಗಿರಲಿಲ್ಲ ಅಲ್ವಾ? ನಾಲ್ವರಲ್ಲಿ ಒಬ್ಬ ಒಂದು ಸಲವೂ ಬಗ್ಗಲಿಲ್ಲ. ಅದಕ್ಕಿಂತ ಮುಖ್ಯವಾದದ್ದು ಮುಂದಿದೆ. ಆ್ಯಶ್ ಆ ಗುಂಪಿನಲ್ಲಿ ಒಬ್ಬನಿಗೆ ಮಾತ್ರ ‘ನೀನು ನಿಜ ಹೇಳು’ ಅಂದರು. ಮಿಕ್ಕವರೆಲ್ಲ ಹಿಂದಿನ ಹಾಗೇ ತಪ್ಪು ಹೇಳುತ್ತಾರೆ, ಇವನೊಬ್ಬ ಸರಿಯಾದ್ದು ಹೇಳುತ್ತಾನೆ. ಅಷ್ಟಕ್ಕೇ ಗುಂಪಿಗೆ ಬಗ್ಗಿದ ಉತ್ತರಗಳು ಹಿಂದಿನದರ ಕಾಲು ಭಾಗಕ್ಕೆ ಇಳಿದವು. ಒಬ್ಬ ಜೊತೆಗಾರ, ಅಷ್ಟೆ. ಅವನು ಭಾಷಣ ಮಾಡಲಿಲ್ಲ. ಬೆನ್ನು ತಟ್ಟಲಿಲ್ಲ. ತನಗೆ ಕಂಡದ್ದನ್ನು ಹೇಳಿ ಸುಮ್ಮನಾದ.

ಇನ್ನೂ ಎರಡು ಮಾತಿದೆ. ಆ ಜೊತೆಗಾರ ಅರ್ಧದಲ್ಲಿ ಏನೋ ಕೆಲಸ ಇದೆ ಅಂತ ಕೋಣೆಯಿಂದ ಎದ್ದು ಹೋದರೂ, ಉಳಿದವನ ಧೈರ್ಯ ಬಹುಪಾಲು ಹಾಗೇ ಇರುತ್ತಿತ್ತು. ಆದರೆ ಜೊತೆಗಾರ ಕೋಣೆಯಲ್ಲೇ ಇದ್ದು, ಅರ್ಧದಲ್ಲಿ ಗುಂಪಿನ ಕಡೆಗೆ ಸೇರಿಬಿಟ್ಟರೆ? ಧೈರ್ಯವೂ ಅವನ ಜೊತೆಯಲ್ಲೇ ಹೊರಟುಹೋಗುತ್ತಿತ್ತು. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಎರಡಕ್ಕೂ ನಾನು ವಾಪಸು ಬರುತ್ತೇನೆ.

ಈಗ ನಮ್ಮ ಮನೆಗೆ ಬರೋಣ.

ನಾವು ಮಲೆನಾಡಿನವರು. ಅಪ್ಪನಿಗೆ ಎರಡು ಎಕರೆ ಅಡಿಕೆ ತೋಟ. 1991ರಲ್ಲಿ ಅಕ್ಕನ ಮದುವೆ ಆಯಿತು. ಪೇಟೆಯ ಛತ್ರ, ಓಲಗ, ಎರಡು ಹೊತ್ತಿನ ಊಟ, ಬೀಗರ ಕಡೆಯವರಿಗೆಲ್ಲ ಸೀರೆ ಪಂಚೆ. ಅಪ್ಪ ಅಡಿಕೆ ಮಂಡಿಯಲ್ಲಿ ಮುಂಗಡ ತಂದಿದ್ದರು. ಮಂಡಿ ಮುಂಗಡ ಅಂದರೆ ನಮ್ಮ ಕಡೆಯವರಿಗೆ ಗೊತ್ತು, ಮುಂದಿನ ಫಸಲು ಅವರಿಗೇ ಹಾಕಬೇಕು, ಹಳೆ ಸಾಲಕ್ಕೆ ಮುರಿದುಕೊಂಡು ಉಳಿದದ್ದು ಕೈಗೆ ಬರುತ್ತದೆ. ನಾಲ್ಕು ವರ್ಷ ಅಪ್ಪ ಅಡಿಕೆ ಮೂಟೆ ಹೇರಿಕೊಂಡು ಹೋಗಿ ಬರೀ ಚೀಟಿ ಹಿಡಿದುಕೊಂಡು ವಾಪಸು ಬರುವುದನ್ನು ನಾನು ನೋಡಿದ್ದೇನೆ. ಅಕ್ಕನ ಮದುವೆಯ ಊಟ ಚೆನ್ನಾಗಿತ್ತು ಅಂತ ಊರವರು ಒಂದು ವಾರ ಮಾತಾಡಿಕೊಂಡರು. ಆಮೇಲೆ ಇನ್ನೊಂದು ಮದುವೆ ಬಂತು, ಆ ಊಟದ ಮಾತು ಶುರುವಾಯಿತು.

1997ರಲ್ಲಿ ನನ್ನ ಮದುವೆಯ ಮಾತು ಬಂದಾಗ ನಾನು ಮಂತ್ರ ಮಾಂಗಲ್ಯ ಆಗುತ್ತೇನೆ ಅಂದೆ. ನಿಮ್ಮಲ್ಲಿ ಕೆಲವರಿಗೆ ಅದು ಗೊತ್ತಿಲ್ಲದೆ ಇರಬಹುದು. ಕುವೆಂಪು ಅವರು ರೂಪಿಸಿದ ಮದುವೆಯ ಕ್ರಮ ಅದು. ಪುರೋಹಿತರು ಇಲ್ಲ. ವರದಕ್ಷಿಣೆ ಇಲ್ಲ. ರಾಹುಕಾಲ ಗುಳಿಕಕಾಲ ನೋಡಬೇಕಿಲ್ಲ. ಹುಡುಗ ಹುಡುಗಿ ಹತ್ತಿರದವರ ಮುಂದೆ ನಿಂತು, ಅರ್ಥವಾಗುವ ಕನ್ನಡದಲ್ಲಿ ಮಾತು ಕೊಡುತ್ತಾರೆ. ಹುಟ್ಟಿನಿಂದ ಯಾರೂ ಮೇಲಲ್ಲ, ಯಾರೂ ಕೀಳಲ್ಲ ಅನ್ನುವುದನ್ನು ಒಪ್ಪಿಕೊಳ್ಳುತ್ತಾರೆ. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ ಹೀಗೆ ನಡೆಯಿತು. ಮುಂದೆ ರೈತ ಸಂಘದವರು ಹಳ್ಳಿಗಳಲ್ಲಿ ಇಂಥ ಸರಳ ಮದುವೆಗಳನ್ನು ಮಾಡಿಸಿದರು. ಕಾನೂನಿಗಾಗಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿಕೊಂಡರೆ ಆಯಿತು.

ನನ್ನ ಮಾತು ಕೇಳಿ ಅಮ್ಮ ಅತ್ತರು. ಅಪ್ಪ ಮಾತು ಬಿಟ್ಟರು. ಅಮ್ಮ ಹೇಳಿದ್ದು ಒಂದೇ ಮಾತು, ‘ಜನ ಏನಂತಾರೆ?’

ಒಂದು ರಾತ್ರಿ ನಾನು ಅಮ್ಮನ ಪಕ್ಕದಲ್ಲಿ ಕೂತು, ‘ಅಮ್ಮಾ, ಆ ಜನ ಯಾರು? ಹೆಸರು ಹೇಳು, ಬರಕೊಳ್ತೀನಿ’ ಅಂದೆ. ಅಮ್ಮನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಒಂದೊಂದಾಗಿ ಹೇಳಿದರು. ದೊಡ್ಡಪ್ಪ, ದೊಡ್ಡಮ್ಮ, ಇಬ್ಬರು ಸೋದರಮಾವಂದಿರು, ಚಿಕ್ಕಪ್ಪ, ಅಕ್ಕನ ಅತ್ತೆ, ಮಾವ, ಪಕ್ಕದ ತೋಟದವರು, ಅಪ್ಪನ ಇಬ್ಬರು ಸ್ನೇಹಿತರು, ಕೊನೆಗೆ ನಮ್ಮ ಅಜ್ಜಿ. ಒಟ್ಟು 11 ಜನ. ಅಮ್ಮನೂ ಆ ಪಟ್ಟಿ ನೋಡಿ ಸ್ವಲ್ಪ ಹೊತ್ತು ಸುಮ್ಮನಾದರು. ಅಷ್ಟು ವರ್ಷ ನಮ್ಮ ಮನೆಯನ್ನು ಆಳಿದ ‘ಜನ’ ಅಂದರೆ ಆ 11 ಮಂದಿ.

ನಾನು ಒಂದು ತಿಂಗಳು ಅವರನ್ನು ಒಬ್ಬೊಬ್ಬರನ್ನಾಗಿ ಕಂಡೆ. ಒಬ್ಬೊಬ್ಬರಾಗಿ ಅನ್ನುವುದು ಮುಖ್ಯ. ಜಗಲಿಯ ಮೇಲೆ ನಾಲ್ಕು ಜನ ಕೂತಿರುವಾಗ ಇಂಥ ಮಾತು ತೆಗೆಯಬಾರದು. ಅಲ್ಲಿ ಪ್ರತಿಯೊಬ್ಬರೂ ಮಿಕ್ಕ ಮೂವರಿಗಾಗಿ ಮಾತಾಡುತ್ತಾರೆ. ತೋಟದಲ್ಲಿ, ಹಿತ್ತಲಲ್ಲಿ, ಬಸ್ಸಿಗೆ ಕಾಯುವಾಗ ಕೇಳಿದೆ. 11ರಲ್ಲಿ ಆರು ಜನ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. ‘ಸಾಲ ಮಾಡಿ ಮದುವೆ ಮಾಡೋದು ತಪ್ಪೇ ಮಗಾ, ಆದ್ರೆ ಜನ ಒಪ್ಪಲ್ಲ.’ ದೊಡ್ಡಪ್ಪನೂ ಹಾಗೇ ಅಂದರು. ಅಮ್ಮನ ಪಟ್ಟಿಯಲ್ಲಿ ಮೊದಲ ಹೆಸರೇ ಅವರದು! ಅವರಿಗೂ ಬೇರೆ ಯಾರೋ ‘ಜನ’ ಇದ್ದರು.

ಚಿಕ್ಕಪ್ಪನದು ಬೇರೆಯೇ ದಾರಿ. ಅವರಿಗೆ ಮಂತ್ರ ಮಾಂಗಲ್ಯವೂ ಬೇಡ, ತಾಳಿಯೂ ಬೇಡ, ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಮನೆಗೆ ಬಂದು ಪಾಯಸ ಮಾಡಿ ಅನ್ನುವವರು. ನನಗೂ ಅವರಿಗೂ ಹೊಂದಲಿಲ್ಲ. ಆದರೂ ಅವರು ಹಾಗೆ ಗಟ್ಟಿಯಾಗಿ ಅಂದದ್ದರಿಂದ ನನಗೆ ಉಪಕಾರವೇ ಆಯಿತು. ಮನೆಯಲ್ಲಿ ಎರಡನೇ ಅಭಿಪ್ರಾಯ ಅನ್ನುವುದು ಇರಬಹುದು ಅಂತ ಗೊತ್ತಾಯಿತು. ಆ್ಯಶ್ ಪ್ರಯೋಗದಲ್ಲೂ ಇದು ಕಂಡಿತ್ತು. ಗುಂಪನ್ನು ಮುರಿದವನು ಹೇಳಿದ್ದು ಸರಿ ಉತ್ತರವೇ ಆಗಬೇಕಿಲ್ಲ. ಅವನು ಬೇರೊಂದು ತಪ್ಪು ಹೇಳಿದರೂ ಪಕ್ಕದವನಿಗೆ ಉಸಿರಾಡಲು ಜಾಗ ಸಿಗುತ್ತಿತ್ತು.

ಅಜ್ಜಿಯನ್ನು ಕೇಳಿದ್ದು ಕೊನೆಯಲ್ಲಿ. ಕೇಳಲು ಭಯ ಇತ್ತು. ಅಜ್ಜಿ ಎಂಥವರು ಅಂದರೆ, 1980ರ ಫೆಬ್ರವರಿ 16ರ ಗ್ರಹಣದ ದಿನ ಮನೆಯ ಬಾಗಿಲು ಕಿಟಕಿ ಎಲ್ಲ ಹಾಕಿಸಿ, ಉಪ್ಪಿನಕಾಯಿ ಭರಣಿಗೂ ದರ್ಭೆ ಇಟ್ಟವರು. ನನಗಾಗ ಒಂಬತ್ತು ವರ್ಷ. ಅವತ್ತು ಕಾರವಾರದ ಕಡೆಯಿಂದ ರಾಯಚೂರಿನ ಕಡೆಗೆ ಪೂರ್ಣ ಗ್ರಹಣದ ನೆರಳು ಹಾದುಹೋಯಿತು. ಎಲ್ಲೆಲ್ಲಿಂದಲೋ ವಿಜ್ಞಾನಿಗಳು ಅದನ್ನು ನೋಡಲು ನಮ್ಮ ರಾಜ್ಯಕ್ಕೆ ಬಂದಿದ್ದರು. ನಾವು ಕತ್ತಲೆ ಕೋಣೆಯಲ್ಲಿ ಕೂತಿದ್ದೆವು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಅಂಥ ಅಜ್ಜಿ ನನ್ನ ಮಾತು ಪೂರ್ತಿ ಕೇಳಿ, ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಹೇಳಿದರು. ‘ನನ್ನ ಮದ್ವೆಗೆ ನಮ್ಮಪ್ಪ ಕೆರೆ ಕೆಳಗಿನ ಗದ್ದೆ ಮಾರಿದ್ದ. ತವರಿಗೆ ಹೋದಾಗೆಲ್ಲ ಆ ಗದ್ದೆ ದಾಟಿಯೇ ಹೋಗಬೇಕಿತ್ತು. ಬೇರೆಯವ್ರು ನಾಟಿ ಮಾಡ್ತಿರೋರು. ನಾನು ತಲೆ ಎತ್ತಿ ನೋಡ್ತಿರಲಿಲ್ಲ. ನೀನು ನಿಂಗೆ ಸರಿ ಕಂಡ ಹಾಗೆ ಮಾಡ್ಕೋ. ನಾನು ಮುಂದೆ ಕೂತ್ಕೋತೀನಿ.’

ಹಾಗೇ ಮಾಡಿದರು. ನಮ್ಮ ಮನೆಯ ಅಂಗಳದಲ್ಲೇ ಚಪ್ಪರ ಹಾಕಿದ್ದೆವು. ಅಜ್ಜಿ ಮೊದಲ ಸಾಲಿನಲ್ಲಿ ಕಂದು ಬಣ್ಣದ ಸೀರೆ ಉಟ್ಟು ಕೂತಿದ್ದರು. ಅಜ್ಜಿ ಬಂದು ಕೂತಿದ್ದಾರೆ ಅಂದ ಮೇಲೆ ದೊಡ್ಡಪ್ಪ ಬಂದರು. ದೊಡ್ಡಪ್ಪ ಬಂದ ಮೇಲೆ ಸೋದರಮಾವಂದಿರು. ಊಟಕ್ಕೆ 80 ಎಲೆ ಬಿತ್ತು. ಅಪ್ಪ ಆ ವರ್ಷ ಮಂಡಿಗೆ ಹೋಗಿ ದುಡ್ಡು ತಂದರು, ಚೀಟಿ ಅಲ್ಲ.

ಎಲ್ಲ ಚೆನ್ನಾಗಿಯೇ ಆಯಿತು ಅಂತ ಹೇಳುವುದಿಲ್ಲ. ಇಬ್ಬರು ಇವತ್ತಿಗೂ ನಮ್ಮ ಮನೆಗೆ ಬಂದಿಲ್ಲ. ಅಮ್ಮನಿಗೆ ಅದರ ನೋವು ಕೊನೆಯವರೆಗೂ ಇತ್ತು.

ಇದು ಈ ಕಾಲದ ಸಂಕಟ ಮಾತ್ರ ಅಂದುಕೊಳ್ಳಬೇಡಿ. ತಮಿಳುನಾಡಿನ ವೆಲ್ಲೂರಿನ ಹತ್ತಿರ ವಿರಿಂಚಿಪುರಂ ಅಂತ ಒಂದು ಊರಿದೆ. ಅಲ್ಲಿನ ದೇವಸ್ಥಾನದ ಗೋಪುರದಲ್ಲಿ ಸುಮಾರು 600 ವರ್ಷದ ಹಿಂದಿನ ಒಂದು ಶಾಸನ ಇದೆ. ವಿಜಯನಗರದ ದೇವರಾಯನ ಕಾಲದ್ದು. ಆ ಸೀಮೆಯ ಬ್ರಾಹ್ಮಣರು, ಅಂದರೆ ಅವರಲ್ಲಿನ ಕನ್ನಡದವರು, ತಮಿಳರು, ತೆಲುಗರು, ಗುಜರಾತಿನ ಕಡೆಯ ಲಾಟರು ಎಲ್ಲರೂ ಸೇರಿ ಒಂದು ಒಪ್ಪಂದ ಬರೆದುಕೊಂಡಿದ್ದಾರೆ. ಇನ್ನು ಮುಂದೆ ಮದುವೆಗೆ ಚಿನ್ನ ಕೊಡಬಾರದು, ತೆಗೆದುಕೊಳ್ಳಬಾರದು. ಕೊಟ್ಟವರಿಗೂ ತೆಗೆದುಕೊಂಡವರಿಗೂ ರಾಜದಂಡನೆ, ಜಾತಿಯಿಂದ ಹೊರಗೆ.

ಇದನ್ನು ಮೊದಲು ಓದಿದಾಗ ನನಗೆ ನಮ್ಮ ಮನೆಯ ಪಟ್ಟಿ ನೆನಪಾಯಿತು. ಆ ಜನರಲ್ಲೂ ಎಷ್ಟೋ ಅಪ್ಪಂದಿರು ರಾತ್ರಿ ನಿದ್ದೆ ಬಿಟ್ಟು ಒಬ್ಬೊಬ್ಬರೇ ಲೆಕ್ಕ ಹಾಕಿರಬೇಕು. ಎಲ್ಲರೂ ಕೊಡುತ್ತಾರೆ, ನಾನೂ ಕೊಡಬೇಕು ಅಂತ. ಒಬ್ಬರೇ ನಿಲ್ಲಿಸಿದರೆ ಮಗಳಿಗೆ ಮದುವೆ ಆಗುವುದಿಲ್ಲ. ಎಲ್ಲರೂ ಒಟ್ಟಿಗೆ ಬರೆದುಕೊಂಡರೆ ನಿಲ್ಲುತ್ತದೆ. ಆದರೆ ಎಲ್ಲರನ್ನೂ ಸೇರಿಸುವ ಮೊದಲು ಯಾರೋ ಒಬ್ಬರು ಇನ್ನೊಬ್ಬರ ಮನೆಗೆ ಹೋಗಿ, ‘ನಿನಗೂ ಹೀಗೇ ಅನ್ನಿಸುತ್ತದಾ?’ ಅಂತ ಕೇಳಿರಬೇಕಲ್ಲ. ಶಾಸನದಲ್ಲಿ ಅವರ ಹೆಸರಿಲ್ಲ. ನನಗೆ ಅವರ ಮೇಲೆ ಬಹಳ ಪ್ರೀತಿ.

ಕೋಣೆಯಿಂದ ಎದ್ದು ಹೋದ ಜೊತೆಗಾರನ ಮಾತಿಗೆ ಬರುತ್ತೇನೆ. ನನಗೆ ಅಂಥ ಒಬ್ಬರೆಂದರೆ ಡಾ. ಎಚ್. ನರಸಿಂಹಯ್ಯನವರು. ಎಚ್ಚೆನ್ ಅಂತಲೇ ಎಲ್ಲರೂ ಕರೆಯುತ್ತಿದ್ದರು. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿದರು. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು. ಅಮೆರಿಕದ ಓಹಿಯೋದಲ್ಲಿ ಪರಮಾಣು ಬೀಜದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ವಾಪಸು ಬಂದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು. ಮದುವೆ ಆಗಲಿಲ್ಲ. ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ಇದ್ದರು. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದ ಮೇಲೂ ಅದೇ ವೇಷ.

1976ರಲ್ಲಿ, ಕುಲಪತಿಯ ಕುರ್ಚಿಯಲ್ಲಿದ್ದಾಗಲೇ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಅವರು ಒಂದು ಸಮಿತಿ ಮಾಡಿದರು. ಪವಾಡ ಮಾಡುತ್ತೇನೆ ಅನ್ನುವವರು ನಮ್ಮ ಮುಂದೆ ಮಾಡಿ ತೋರಿಸಲಿ, ನಾವು ನೋಡುತ್ತೇವೆ ಅಂತ. ಇಷ್ಟೇ ಅವರು ಕೇಳಿದ್ದು. ಅದು ದೊಡ್ಡ ಗಲಾಟೆಯಾಯಿತು. ಕುಲಪತಿಗೆ ಇದೆಲ್ಲ ಯಾಕೆ ಬೇಕು ಅಂದವರಿದ್ದರು. ಅವರು ಯಾರನ್ನೂ ಬೈಯಲಿಲ್ಲ. ಪ್ರಶ್ನೆಯನ್ನು ವಾಪಸು ತೆಗೆದುಕೊಳ್ಳಲೂ ಇಲ್ಲ. ಎಚ್ಚೆನ್ ಒಂಟಿ ಮನುಷ್ಯ ಅಂತ ಜನ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. 1962ರಿಂದಲೇ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಾರವಾರ ಯಾರಾದರೊಬ್ಬರಿಂದ ವಿಜ್ಞಾನದ ಮಾತು ಹೇಳಿಸುತ್ತಿದ್ದರು. ಅಲ್ಲಿ ಕೂತು ಕೇಳಿದವರೆಲ್ಲ ಅವರ ಜೊತೆಗಾರರೇ. ಸಮಿತಿಯಲ್ಲಿ ಕೂತವರೂ ಜೊತೆಗಾರರೇ. ಅವರು ಬೇರೆ ಥರ ಯೋಚಿಸಿದರು ಮಾತ್ರವಲ್ಲ, ಹಾಗೆ ಯೋಚಿಸುವವರು ಒಟ್ಟಿಗೆ ಕೂರಲು ಬೆಂಚು ಹಾಕಿದರು. 2005ರಲ್ಲಿ ತೀರಿಕೊಂಡರು. ನನಗೆ ತರಗತಿಯಲ್ಲಿ ಏನೋ ಒಂದು ಹೇಳಲು ಅಳುಕಾದಾಗ ಇವತ್ತಿಗೂ ಆ ಬಿಳಿ ಟೋಪಿ ನೆನಪಾಗುತ್ತದೆ.

ಇನ್ನೊಂದು ಮಾತು ಸ್ಪಷ್ಟ ಮಾಡಬೇಕು. ಎಲ್ಲರೂ ಹೇಳಿದ್ದಕ್ಕೆ ಉಲ್ಟಾ ಹೇಳುವುದು ಬೇರೆ ಥರ ಯೋಚಿಸುವುದಲ್ಲ. ಗ್ರಹಣದ ದಿನ ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದು ಅಂತ ಎಲ್ಲರೂ ಹೇಳುತ್ತಾರೆ. ಅದು ಸರಿ. ನೋಡಿದರೆ ಕಣ್ಣು ಹೋಗುತ್ತದೆ. ಊಟ ಮಾಡಬಾರದು ಅನ್ನುವುದಕ್ಕೆ ಆಧಾರ ಇಲ್ಲ. ಎರಡೂ ಒಂದೇ ಬಾಯಿಂದ ಬರುತ್ತವೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಕೂತು ನೋಡಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ ನಾವು ಒಂದು ಗುಂಪು ಬಿಟ್ಟು ಇನ್ನೊಂದು ಗುಂಪಿಗೆ ಸೇರುತ್ತೇವೆ, ಅಷ್ಟೆ.

ಮತ್ತೊಂದು ಮಾತು. ಇಲ್ಲಿ ನಿಂತು ‘ಧೈರ್ಯ ಮಾಡಿ’ ಅನ್ನುವುದು ನನಗೆ ಸುಲಭ. ನನಗೆ ಕೆಲಸ ಇತ್ತು, ಸಂಬಳ ಇತ್ತು, ನನ್ನ ಜಾತಿಯವನನ್ನೇ ಮದುವೆಯಾದೆ. ಹಾಗಾಗಿ ನನಗೆ ಆದ ನಷ್ಟ ಎರಡು ಮನೆಗಳ ಮುನಿಸು ಮಾತ್ರ. ಇದೇ ಊರಿನಲ್ಲಿ ದಲಿತರ ಮನೆಯ ಹುಡುಗ ದೇವಸ್ಥಾನದ ಮೆಟ್ಟಿಲು ಹತ್ತಿದರೆ, ಬೇರೆ ಜಾತಿಯ ಹುಡುಗನನ್ನು ಮದುವೆಯಾಗುತ್ತೇನೆ ಅಂತ ಹುಡುಗಿಯೊಬ್ಬಳು ಅಂದರೆ, ಅವರು ತೆರಬೇಕಾದ ಬೆಲೆ ಬೇರೆ. ಕೆಲವರು ಪ್ರಾಣವನ್ನೇ ತೆತ್ತಿದ್ದಾರೆ. ಅದಕ್ಕೇ ನಿಮ್ಮಲ್ಲಿ ಯಾರಿಗೂ ‘ಹೋಗಿ ಎದುರು ನಿಲ್ಲು’ ಅಂತ ನಾನು ಹೇಳುವುದಿಲ್ಲ. ಮೊದಲು ಜೊತೆಗಾರರನ್ನು ಹುಡುಕಿಕೊಳ್ಳಿ ಅನ್ನುತ್ತೇನೆ. ನಿಮಗೆ ಕಳೆದುಕೊಳ್ಳುವುದು ಕಡಿಮೆ ಇದ್ದರೆ, ಜಾಸ್ತಿ ಕಳೆದುಕೊಳ್ಳುವವರ ಪಕ್ಕಕ್ಕೆ ನೀವು ಹೋಗಿ ಅನ್ನುತ್ತೇನೆ.

ಕೊನೆಯದು, ನನಗೆ ಹೇಳಲು ಕಷ್ಟವಾದದ್ದು. ಅರ್ಧದಲ್ಲಿ ಗುಂಪಿಗೆ ಸೇರಿಬಿಡುವ ಜೊತೆಗಾರ ಅಂದೆನಲ್ಲ. ಅದು ನಾನೇ.

ಸುಮಾರು 15 ವರ್ಷದ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಎರಡನೆಯವನಾದ. ಅವನಿಗೆ ಇತಿಹಾಸ ಅಂದರೆ ಪ್ರಾಣ. ನಮ್ಮ ಊರಿನ ಸುತ್ತಲಿನ ವೀರಗಲ್ಲು, ಮಾಸ್ತಿಕಲ್ಲುಗಳನ್ನೆಲ್ಲ ಹುಡುಕಿ, ಒಂದು ನೋಟ್‌ಬುಕ್ಕಿನಲ್ಲಿ ಅವುಗಳ ಚಿತ್ರ ಬರೆದುಕೊಂಡಿದ್ದ. ಪಿಯುಸಿಯಲ್ಲಿ ಆರ್ಟ್ಸ್ ತೆಗೆದುಕೊಳ್ಳುತ್ತೇನೆ ಅಂದ. ನಾನು ಬಹಳ ಸಂತೋಷಪಟ್ಟು, ‘ತಗೋ, ನಾನಿದ್ದೀನಿ’ ಅಂದೆ. ನನ್ನ ಬಾಯಿಂದ ಬಂದ ಮಾತೇ ಅದು, ‘ನಾನಿದ್ದೀನಿ.’

ಒಂದು ದಿನ ಅವನ ಅಪ್ಪ ಸ್ಟಾಫ್ ರೂಮಿಗೆ ಬಂದರು. ಹುಡುಗ ಬಾಗಿಲ ಹತ್ತಿರ ನಿಂತಿದ್ದ. ‘ಇಷ್ಟು ಮಾರ್ಕ್ಸ್ ತಗೊಂಡವನು ಆರ್ಟ್ಸ್ ಅಂತಾನಲ್ಲ, ನೀವೆಲ್ಲ ಬುದ್ಧಿ ಹೇಳಿ’ ಅಂದರು. ಅಲ್ಲಿದ್ದ ಎಲ್ಲರೂ ಒಬ್ಬೊಬ್ಬರಾಗಿ ಹೇಳಿದರು. ಸೈನ್ಸೇ ಸರಿ. ಆರ್ಟ್ಸಿನಲ್ಲಿ ಏನಿದೆ? ಬುದ್ಧಿವಂತ ಹುಡುಗ, ಹಾಳಾಗಬಾರದು. ಸರದಿ ನನ್ನ ಹತ್ತಿರ ಬಂತು. ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ಎಲ್ಲರೂ ನನಗಿಂತ ಹಿರಿಯರು. ನಾಳೆ ಈ ಹುಡುಗನಿಗೆ ಕೆಲಸ ಸಿಗದೆ ಹೋದರೆ ಎಲ್ಲರೂ ನನ್ನ ಕಡೆ ಬೆರಳು ತೋರಿಸುತ್ತಾರೆ ಅನ್ನಿಸಿತು. ‘ಸೈನ್ಸ್ ತಗೊಂಡ್ರೆ ಮುಂದೆ ಅವಕಾಶ ಜಾಸ್ತಿ ಇರುತ್ತೆ’ ಅಂದೆ.

ಅವನು ಏನೂ ಹೇಳಲಿಲ್ಲ. ಸೈನ್ಸ್ ತೆಗೆದುಕೊಂಡ. ಎರಡನೇ ವರ್ಷ ಫೇಲಾದ. ಈಗ ಎಲ್ಲೋ ಕೆಲಸದಲ್ಲಿದ್ದಾನೆ, ಮದುವೆಯಾಗಿದೆ, ಸಿಕ್ಕಿದಾಗ ನಮಸ್ಕಾರ ಮಾಡುತ್ತಾನೆ. ಮಾತು ಜಾಸ್ತಿ ಆಡುವುದಿಲ್ಲ. ಆ ನೋಟ್‌ಬುಕ್ ಏನಾಯಿತು ಅಂತ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ನಾನು ಮೊದಲೇ ‘ಸೈನ್ಸ್ ತಗೋ’ ಅಂದಿದ್ದರೂ ಅವನಿಗೆ ಅಷ್ಟು ಪೆಟ್ಟಾಗುತ್ತಿರಲಿಲ್ಲ. ‘ನಾನಿದ್ದೀನಿ’ ಅಂದು ಆಮೇಲೆ ಇಲ್ಲವಾದೆ. ಸ್ಟಾಫ್ ರೂಮಿನಲ್ಲಿ ಎಲ್ಲರ ನಡುವೆ ನಾನೊಬ್ಬಳು ಬೇರೆ ಮಾತು ಹೇಳಿದ್ದರೆ, ಅವನ ಅಪ್ಪ ಒಪ್ಪುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಆದರೆ ಆ ಹುಡುಗ ತನ್ನ ಕಣ್ಣನ್ನು ತಾನು ನಂಬುತ್ತಿದ್ದ.

ನನ್ನ ಮಾತು ಇಷ್ಟೇ. ಕೇಳಿದ್ದಕ್ಕೆ ನಿಮಗೆಲ್ಲ ವಂದನೆ.

ಕಾರ್ಯಕ್ರಮ ಮುಗಿದು ಕಾಫಿ ಕುಡಿಯುತ್ತಿದ್ದಾಗ ಒಬ್ಬ ಹುಡುಗಿ ಬಂದಳು. ಸಭೆಯಲ್ಲಿ ಪ್ರಶ್ನೆ ಕೇಳಿ ಅಂದಾಗ ಸುಮ್ಮನೆ ಕೂತಿದ್ದವಳು. ಎಂ.ಎಸ್ಸಿ.ಗೆ ಹೋಗಬೇಕು ಅಂತ ಅವಳಿಗೆ ಆಸೆ. ಮನೆಯಲ್ಲಿ ಗಂಡು ನೋಡಿ ಆಗಿದೆ. ‘ಮೇಡಂ, ನೀವು ಮಾಡಿದ ಹಾಗೆ ನಾನೂ ಮೊದಲೇ ಒಬ್ಬೊಬ್ಬರನ್ನೇ ಕೇಳಿ ನೋಡಿದ್ದೆ. ನಮ್ಮ ಮನೇಲಿ ಅಂಥ ಅಜ್ಜಿ ಇಲ್ಲ’ ಅಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಲೆಕ್ಕದಲ್ಲಿ ಯಾವ ಸಾಲು ಕಷ್ಟ ಅಂತ ತೋರಿಸುವ ಮಕ್ಕಳ ಹಾಗೆ ನೇರವಾಗಿ ಹೇಳಿದಳು.

ಅಪ್ಪ ಮನೆಯಲ್ಲಿ ಯಾವ ಹೊತ್ತಿಗೆ ಇರುತ್ತಾರೆ ಅಂತ ಕೇಳಿದೆ. ಭಾನುವಾರ ಇಡೀ ದಿನ ಇರುತ್ತಾರೆ ಅಂದಳು. ಅವಳ ಊರಿಗೆ ಹೋಗುವ ಬಸ್ಸು ಎಷ್ಟು ಗಂಟೆಗೆ, ಎಲ್ಲಿ ಇಳಿಯಬೇಕು ಅನ್ನುವುದನ್ನು ಅವಳ ಕೈಯಲ್ಲೇ ನನ್ನ ಡೈರಿಯಲ್ಲಿ ಬರೆಸಿಕೊಂಡೆ.